ಹಯಬುಸಾ ಜೆನ್ 3: ಪವರ್ 7 ಪಿಎಸ್ ಕಮ್ಮಿ, ಪಿಕಪ್ ಮಾತ್ರ ಜಾಸ್ತಿ. ಹೇಗೆ?

ಗೇರ್‌ಬಾಕ್ಸ್_6

ಎಲ್ಲರಿಗೂ ನಮಸ್ಕಾರ. ಸುಜುಕಿ ಹಯಬುಸಾ ಬೈಕ್‌ನ ಜೆನ್ 2 (ಎರಡನೇ ತಲೆಮಾರು) ಮತ್ತು 2021ರಲ್ಲಿ ಬಂದ ಜೆನ್ 3 (ಮೂರನೇದು), ಎರಡರ ಸ್ಪೆಸಿಫಿಕೇಶನ್ ಪಕ್ಕಪಕ್ಕ ಇಟ್ಟು ನೋಡ್ತಾ ಇದ್ದೀನಿ. ಎರಡೂ 1,340 ಸಿಸಿ, ಸಾಲಾಗಿ ನಾಲ್ಕು ಸಿಲಿಂಡರ್, ಬೋರ್ 81 ಮಿ.ಮೀ., ಸ್ಟ್ರೋಕ್ 65 ಮಿ.ಮೀ., ಕಂಪ್ರೆಷನ್ 12.5:1. ಜೆನ್ 2ಗೆ 9,500 ಆರ್‌ಪಿಎಂನಲ್ಲಿ 197 ಪಿಎಸ್ ಪವರ್, 7,200ರಲ್ಲಿ 155 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). ಜೆನ್ 3ಗೆ 9,700ರಲ್ಲಿ 190 ಪಿಎಸ್, 7,000ದಲ್ಲಿ 150 ಎನ್‌ಎಂ. ಪವರ್ರೂ ಇಳಿದಿದೆ, ಟಾರ್ಕೂ ಇಳಿದಿದೆ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಇಲ್ಲಿ ಸಿಗೋ ಜೆನ್ 3 ಪೆಟ್ರೋಲ್, ಆಯಿಲ್ ಎಲ್ಲ ಸೇರಿ 266 ಕೆ.ಜಿ. ಹೀಗಿದ್ದೂ ಕಂಪನಿ ಲೆಕ್ಕದಲ್ಲಿ 0-100 ಕಿ.ಮೀ.ಗೆ ಹಳೇದು 3.4 ಸೆಕೆಂಡ್, ಹೊಸದು 3.2. ಇದು ಹೇಗೆ ಸಾಧ್ಯ?

ಇನ್ನೂ ಎರಡು ವಿಷಯ. ಬೆಂಗಳೂರಿನಲ್ಲಿ ಡೈನೋ (ಪವರ್ ಅಳೆಯೋ ರೋಲರ್ ಯಂತ್ರ) ಮೇಲೆ ಹತ್ತಿಸಿದ್ರೆ 150-170ರ ನಡುವಿನ ಅಂಕಿ ಬರುತ್ತೆ ಅಂತಾರೆ. ಹಾಗಾದ್ರೆ 190 ಅನ್ನೋದು ಬರೀ ಕಾಗದದ ಮೇಲಿನ ಮಾತಾ? ಇನ್ನೊಂದು, ಸಿಟಿ ಟ್ರಾಫಿಕ್‌ನಲ್ಲಿ ಸುಲಭ ಆಗಲಿ ಅಂತ ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯೋ ಹಲ್ಲಿನ ಚಕ್ರ) 18 ಹಲ್ಲಿನದು ತೆಗೆದು 17ರದ್ದು ಹಾಕಿಸೋರಿದ್ದಾರೆ. ಅದರಿಂದ ನಿಜವಾಗಿ ಏನಾದ್ರೂ ಪ್ರಯೋಜನ ಇದೆಯಾ? ಅಂದಾಜಿನ ಮಾತು ಬೇಡ, ಲೆಕ್ಕ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೋರ್_ಸ್ಟ್ರೋಕ್

ಸರ್, ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಗೇರ್ ರೇಷಿಯೋದಲ್ಲೇ ಇದೆ. ಶೀಟ್‌ನ ಕೊನೆಯಲ್ಲಿರೋ ಆ ಸಾಲುಗಳನ್ನ ಯಾರೂ ಓದಲ್ಲ, ಆದ್ರೆ ಅರ್ಧ ಕಥೆ ಅಲ್ಲೇ ಇರುತ್ತೆ.

ಪ್ರೈಮರಿ (ಇಂಜಿನ್‌ನಿಂದ ಗೇರ್‌ಬಾಕ್ಸ್‌ಗೆ) 1.596, ಮೊದಲ ಗೇರ್ 2.615, ಚೈನ್ ಕಡೆಯದು 43/18, ಅಂದ್ರೆ 2.388ರ ಸುಮಾರು. ಮೂರನ್ನೂ ಗುಣಿಸಿದ್ರೆ 9.97. ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ದಂಡ) ಹತ್ತತ್ತಿರ ಹತ್ತು ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು. ಹಿಂದಿನ ಟೈರ್ 190/50-17, ಅದರ ವ್ಯಾಸ 622 ಮಿ.ಮೀ., ಸುತ್ತಳತೆ 1.95 ಮೀಟರ್. ಮೊದಲ ಗೇರ್‌ನಲ್ಲಿ 11,000ದ ಕೆಂಪು ಗೆರೆ ಮುಟ್ಟೋವರೆಗೂ ಎಳೆದ್ರೆ ಗಂಟೆಗೆ 129 ಕಿ.ಮೀ. ಆಗುತ್ತೆ. ಅಂದ್ರೆ 0-100 ಪೂರ್ತಿ ಒಂದೇ ಗೇರ್‌ನಲ್ಲಿ ಮುಗಿದುಹೋಗುತ್ತೆ. ಸರಿಯಾಗಿ 100 ಮುಟ್ಟಿದಾಗ ಇಂಜಿನ್ ಇರೋದು ಸುಮಾರು 8,500ರಲ್ಲಿ.

190 ಪಿಎಸ್ ಬರೋದು ಎಲ್ಲಿ? 9,700ರಲ್ಲಿ. ಮೊದಲ ಗೇರ್‌ನಲ್ಲಿ ಅದು 114 ಕಿ.ಮೀ. ವೇಗ. ನೀವು ಹೇಳಿದ 7 ಪಿಎಸ್ ವ್ಯತ್ಯಾಸ 0-100 ಪರೀಕ್ಷೆಯ ಒಳಗೇ ಬರಲ್ಲ. ಗಾಡಿ ಆ ಆರ್‌ಪಿಎಂ ಮುಟ್ಟೋ ಮೊದಲೇ ಗಡಿಯಾರ ನಿಂತಿರುತ್ತೆ.

ಇನ್ನು 8,500ರ ಕೆಳಗೆ ಏನಾಗಿದೆ ನೋಡಿ. ಪಿಎಸ್ ಬೇಕಾದ್ರೆ ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಬೇಕು. ಜೆನ್ 3ಗೆ 7,000ದಲ್ಲಿ 150 ಎನ್‌ಎಂ ಅಂದ್ರೆ 149.5 ಪಿಎಸ್. ಇದನ್ನೇ ತಿರುಗಿಸಿ ಹಾಕಿದ್ರೆ 9,700ರಲ್ಲಿ ಟಾರ್ಕ್ 137.6 ಎನ್‌ಎಂ. ಜೆನ್ 2ಗೆ ಅದರ ಗರಿಷ್ಠ ಪವರ್‌ನ ಜಾಗದಲ್ಲಿ 145.6 ಎನ್‌ಎಂ. ಹಾಗಾಗಿ ಮೇಲ್ಗಡೆ ಹಳೇದೇ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಮಾತ್ರ ಹೊಸದರ ಟಾರ್ಕ್ ಗೆರೆ ಹಳೇದರ ಮೇಲೆ ಹೋಗುತ್ತೆ. ಬೇಕೂಂತಲೇ ಹಾಗೆ ಮಾಡಿದ್ದಾರೆ.

ಹೇಗೆ ಮಾಡಿದ್ರು? ಕ್ಯಾಮ್ (ವಾಲ್ವ್ ತೆರೆಯೋ ಉಬ್ಬಿನ ದಂಡ) ಬದಲಿಸಿ ವಾಲ್ವ್ ಓವರ್‌ಲ್ಯಾಪ್ ಕಮ್ಮಿ ಮಾಡಿದ್ರು. ಓವರ್‌ಲ್ಯಾಪ್ ಅಂದ್ರೆ ಎಕ್ಸಾಸ್ಟ್ ವಾಲ್ವ್ ಮುಚ್ಚೋ ಮೊದಲೇ ಇನ್‌ಟೇಕ್ ತೆರೆದು, ಎರಡೂ ಒಟ್ಟಿಗೆ ತೆರೆದಿರೋ ಹೊತ್ತು. ಹೆಚ್ಚು ಆರ್‌ಪಿಎಂನಲ್ಲಿ ಹೊರಗೆ ಓಡೋ ಹೊಗೆಯ ರಭಸವೇ ಹೊಸ ಗಾಳಿಯನ್ನ ಒಳಗೆ ಎಳೆಯುತ್ತೆ, ಆಗ ಓವರ್‌ಲ್ಯಾಪ್ ಜಾಸ್ತಿ ಇದ್ದಷ್ಟೂ ಲಾಭ. ಕಮ್ಮಿ ಆರ್‌ಪಿಎಂನಲ್ಲಿ ಆ ರಭಸ ಇರಲ್ಲ. ಉರಿದ ಹೊಗೆ ವಾಪಸ್ ಒಳಗೆ ಬರುತ್ತೆ, ಇಲ್ಲಾ ಉರಿಯದ ಪೆಟ್ರೋಲ್ ನೇರ ಸೈಲೆನ್ಸರ್‌ಗೆ ಹೋಗುತ್ತೆ. ಯೂರೋ 5, ಬಿಎಸ್6 ಅನ್ನೋ ಹೊಗೆ ಮಾಲಿನ್ಯದ ನಿಯಮಗಳು ಹಿಡಿಯೋದ್ರಲ್ಲಿ ಈ ಉರಿಯದ ಪೆಟ್ರೋಲೂ ಒಂದು. ಥ್ರಾಟಲ್ ಬಾಡಿ 44 ಮಿ.ಮೀ.ನಿಂದ 43ಕ್ಕೆ ಇಳೀತು, ಗಾಳಿ ಎಳೆಯೋ ಫನಲ್ ಉದ್ದ ಆಯ್ತು. ಕಿರಿದಾದ, ಉದ್ದವಾದ ದಾರಿಯಲ್ಲಿ ಗಾಳಿಯ ವೇಗ ಕಮ್ಮಿ ಆರ್‌ಪಿಎಂನಲ್ಲೂ ಚೆನ್ನಾಗಿ ಉಳಿಯುತ್ತೆ. ಮೇಲ್ಗಡೆ ಅದೇ ದಾರಿ ಇಕ್ಕಟ್ಟಾಗುತ್ತೆ, ಅಲ್ಲಿ ಹೋಗಿದ್ದೇ ಆ 7 ಪಿಎಸ್.

ಇನ್ನೊಂದು ಕಾರಣವೂ ಇದೆ. ಮೊದಲ ಗೇರ್‌ನಲ್ಲಿ 150 ಎನ್‌ಎಂ ಹತ್ತು ಪಟ್ಟಾಗಿ ಚಕ್ರಕ್ಕೆ ಸುಮಾರು 1,495 ಎನ್‌ಎಂ ಆಗಿ ತಲುಪುತ್ತೆ. ಟೈರ್ ನೆಲ ಮುಟ್ಟೋ ಜಾಗದಲ್ಲಿ ಅದು 4,800 ನ್ಯೂಟನ್ ತಳ್ಳು. 75 ಕೆ.ಜಿ. ಸವಾರ ಸೇರಿ 341 ಕೆ.ಜಿ.ಗೆ ಭಾಗಿಸಿದ್ರೆ, ನಡುವಿನ ನಷ್ಟ ಬಿಟ್ಟರೂ, 1.4 ಜಿ, ಅಂದ್ರೆ ಗುರುತ್ವದ 1.4 ಪಟ್ಟು. ಅಷ್ಟು ವೇಗೋತ್ಕರ್ಷ ಯಾವ ರಸ್ತೆ ಬೈಕಿಗೂ ದಕ್ಕಲ್ಲ. 1,480 ಮಿ.ಮೀ. ವೀಲ್‌ಬೇಸ್, ತೂಕ ಅರ್ಧ ಮುಂದೆ ಅರ್ಧ ಹಿಂದೆ, ಸವಾರನೂ ಸೇರಿ ಗುರುತ್ವ ಕೇಂದ್ರ ಸುಮಾರು 700 ಮಿ.ಮೀ. ಎತ್ತರ ಅಂತ ಹಿಡಿದ್ರೆ 1.05 ಜಿ ದಾಟಿದ ಕೂಡ್ಲೇ ಮುಂದಿನ ಚಕ್ರ ಮೇಲೇಳುತ್ತೆ. ಕಂಪನಿಯ 3.2 ಸೆಕೆಂಡ್ ಅಂದ್ರೆ ಸರಾಸರಿ 0.88 ಜಿ. ಆ ಮಿತಿಗೆ ಎಷ್ಟು ಹತ್ತಿರ ಇದೆ ನೋಡಿ. ಇಲ್ಲಿ ಗೆಲ್ಲೋದು ಹೆಚ್ಚು ಪವರ್ ಇರೋದಲ್ಲ, ಮಿತಿಯ ಅಂಚಿನಲ್ಲೇ ಹಿಡಿದಿಡೋದು. ಜೆನ್ 3ರಲ್ಲಿ ಗಾಡಿಯ ವಾಲಿಕೆ, ಚಲನೆ ಅಳೆಯೋ ಆರು ಆಕ್ಸಿಸ್ ಐಎಂಯು ಸೆನ್ಸರ್, ಹಿಂದಿನ ಚಕ್ರ ಜಾರದ ಹಾಗೆ 10 ಹಂತದ ಟ್ರ್ಯಾಕ್ಷನ್ ಕಂಟ್ರೋಲ್, ಮುಂದಿನ ಚಕ್ರ ಮೇಲೇಳದ ಹಾಗೆ 10 ಹಂತದ ಲಿಫ್ಟ್ ಲಿಮಿಟರ್, ನಿಂತಲ್ಲಿಂದ ಹೊರಡೋಕೆ ಮೂರು ಹಂತದ ಲಾಂಚ್ ಕಂಟ್ರೋಲ್ ಇವೆ. ಜೆನ್ 2ರಲ್ಲಿ ಈ ಕೆಲಸ ಎಲ್ಲಾ ಸವಾರನ ಬಲಗೈ, ಎಡಗೈಯದ್ದು. ಕ್ಲಚ್ ಹಿಡಿಯದೇ ಗೇರ್ ಬದಲಿಸೋ ಕ್ವಿಕ್‌ಶಿಫ್ಟರ್‌ನಿಂದ ಸಮಯ ಕಮ್ಮಿ ಆಯ್ತು ಅನ್ನೋರ ಮಾತು ಮಾತ್ರ 0-100ಕ್ಕೆ ಹೊಂದಲ್ಲ, ಅಲ್ಲಿ ಗೇರೇ ಬದಲಾಗಲ್ಲವಲ್ಲ.

ಆ 7 ಪಿಎಸ್ ಲೆಕ್ಕಕ್ಕೆ ಬರೋದು ತುತ್ತತುದಿಯಲ್ಲಿ. ಗಾಳಿಯನ್ನ ಸೀಳೋಕೆ ಬೇಕಾದ ಪವರ್ ವೇಗದ ಘನದ ಹಾಗೆ ಏರುತ್ತೆ, ವೇಗ ಎರಡು ಪಟ್ಟಾದ್ರೆ ಪವರ್ ಎಂಟು ಪಟ್ಟು. ಹಾಗಾಗಿ 190 ಬದಲು 197 ಇದ್ರೆ ಟಾಪ್ ಸ್ಪೀಡ್ ಶೇ 1.2ರಷ್ಟು ಹೆಚ್ಚಬಹುದು, 299ಕ್ಕೆ ಮೂರೂವರೆ ಕಿ.ಮೀ. ಅದನ್ನೂ 299ರಲ್ಲೇ ಎಲೆಕ್ಟ್ರಾನಿಕ್ ಲಿಮಿಟರ್ ಕತ್ತರಿಸುತ್ತೆ.

ಘಟ್ಟದ_ಕೆಳಗೆ

ಮೇಲಿನ ಲೆಕ್ಕ ಸರಿಯಾಗಿದೆ. ಡೈನೋ ವಿಷಯ ನಾನು ಹೇಳ್ತೇನೆ.

190 ಅನ್ನುವುದು ಕ್ರ್ಯಾಂಕ್ ಹತ್ತಿರದ ಅಂಕಿ. ಡೈನೋ ಅಳೆಯುವುದು ಹಿಂದಿನ ಚಕ್ರದಲ್ಲಿ. ಗೇರ್‌ಬಾಕ್ಸ್, ಚೈನ್, ರೋಲರ್ ಮೇಲೆ ಒತ್ತಿದ ಟೈರ್, ಇಷ್ಟರಲ್ಲಿ ಶೇ 10-12 ಹೋಗುತ್ತದೆ. ಉಳಿಯುವುದು 167-171 ಪಿಎಸ್. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಟರ್ಬೋ ಇಲ್ಲದ ಇಂಜಿನ್ ಎಷ್ಟು ಗಾಳಿ ಸಿಗುತ್ತದೋ ಅಷ್ಟಕ್ಕೆ ಮಾತ್ರ ಪೆಟ್ರೋಲ್ ಉರಿಸಬಲ್ಲದು. ಆದ್ದರಿಂದ 150ರ ಆಸುಪಾಸು ಬಂದರೆ ಗಾಡಿಯಲ್ಲಿ ದೋಷ ಇದೆ ಎಂದು ತಿಳಿಯಬೇಡಿ, ಅದು ಬರಬೇಕಾದ ಅಂಕಿಯೇ.

ಕೆಲವು ಡೈನೋಗಳು ಎತ್ತರ, ಉಷ್ಣತೆ, ತೇವಾಂಶ ನೋಡಿ ತಿದ್ದಿದ ಅಂಕಿ ಕೊಡುತ್ತವೆ. ಅದರಲ್ಲೂ ಎರಡು ಪದ್ಧತಿ ಇವೆ. ಎಸ್‌ಎಇ ಜೆ1349 ಪ್ರಕಾರ ಆಧಾರ 25 ಡಿಗ್ರಿ ಮತ್ತು 99 ಕಿಲೋಪಾಸ್ಕಲ್, ಡಿಐಎನ್ ಪ್ರಕಾರ 20 ಡಿಗ್ರಿ ಮತ್ತು 101.3. ಅದೇ ಗಾಡಿಗೆ ಡಿಐಎನ್ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಎರಡು ಬೇರೆ ಡೈನೋಗಳ ಚೀಟಿ ಹಿಡಿದು ಹೋಲಿಸಬಾರದು. ಎಕ್ಸಾಸ್ಟ್ ಬದಲಿಸಿ ಲಾಭ ನೋಡಬೇಕಿದ್ದರೆ ಅದೇ ದಿನ, ಅದೇ ಡೈನೋ, ಅದೇ ಗೇರ್, ಹಿಂದಿನ ಟೈರ್‌ನಲ್ಲಿ ಅದೇ ಗಾಳಿ. ಗಾಳಿ 4-5 ಪಿಎಸ್‌ಐ ಕಡಿಮೆ ಇದ್ದರೂ ಟೈರ್ ಹೆಚ್ಚು ಮಡಚಿ ರೋಲರ್ ಮೇಲೆ ಪವರ್ ತಿನ್ನುತ್ತದೆ.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಎತ್ತರದಲ್ಲಿ ಪವರ್ ಶೇ 10 ಇಳಿದ ಹಾಗೆ, ಎದುರಿನ ಗಾಳಿಯ ತಡೆಯೂ ಹತ್ತಿರಹತ್ತಿರ ಅಷ್ಟೇ ಇಳಿಯುತ್ತದೆ. ಹಾಗಾಗಿ ಟಾಪ್ ಸ್ಪೀಡ್ ಹೆಚ್ಚೇನೂ ಬದಲಾಗುವುದಿಲ್ಲ. ಸೊರಗುವುದು ಪಿಕಪ್, ಏಕೆಂದರೆ 341 ಕೆ.ಜಿ. ತೂಕ ಬೆಂಗಳೂರಿನಲ್ಲೂ 341 ಕೆ.ಜಿ.ಯೇ.

ಮುಂದಿನ ಎರಡು ಗಾಳಿಕಿಂಡಿಗಳ ಬಗ್ಗೆಯೂ ಬಹಳ ಜನ ತಪ್ಪು ತಿಳಿದಿದ್ದಾರೆ. 100 ಕಿ.ಮೀ. ವೇಗದಲ್ಲಿ ಎದುರಿನ ಗಾಳಿ ಕೊಡುವ ಹೆಚ್ಚುವರಿ ಒತ್ತಡ ಶೇ ಅರ್ಧಕ್ಕಿಂತ ಕಡಿಮೆ, 299ರಲ್ಲಿ ಹೆಚ್ಚೆಂದರೆ ಶೇ 4. ಡೈನೋ ಮೇಲೆ ಗಾಡಿ ನಿಂತೇ ಇರುವುದರಿಂದ ಅದು ಪೂರ್ತಿ ಸೊನ್ನೆ.

ಹುಬ್ಬಳ್ಳಿ_530ಚೈನ್

17 ಹಲ್ಲಿಂದು ಹಾಕಿದ್ರ ಟ್ರಾಫಿಕ್‌ನ್ಯಾಗ ಸಲೀಸ ಆಕ್ಕೈತಿ ಅಂತ ಭಾಳ ಮಂದಿ ಹೇಳ್ತಾರ್ರಿ. ಲೆಕ್ಕ ಹಾಕಿ ನೋಡೂಣು.

ಮೊದಲನೇ ಗೇರಿನ್ಯಾಗ, ಕ್ಲಚ್ ಪೂರ್ತಿ ಬಿಟ್ಟು, ಥ್ರಾಟಲ್ ಮುಟ್ಟದ 1,150 ಆರ್‌ಪಿಎಂ ಐಡಲಿಂಗ್‌ನ್ಯಾಗ ಗಾಡಿ ಹೋಗೂದು 13.5 ಕಿ.ಮೀ. ವೇಗದಾಗ. ಅದಕ್ಕಿಂತ ಸಾವಕಾಶ ಹೋಗಬೇಕಂದ್ರ ಕ್ಲಚ್ ಅರ್ಧ ಹಿಡೀಲೇಬೇಕು. 43/17 ಅಂದ್ರ 2.529, ಮೊದಲಿಗಿಂತ ಶೇ 6ರಷ್ಟು ಜಾಸ್ತಿ. ಅದೇ ಐಡಲಿಂಗ್‌ನ್ಯಾಗ ವೇಗ 12.8 ಆಕ್ಕೈತಿ. ಉಳಿತಾಯ ಒಂದು ಕಿ.ಮೀ. ಸೈತ ಇಲ್ರಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನ್ಯಾಗ 5-6 ಕಿ.ಮೀ. ವೇಗದಾಗ ತೆವಳೂ ಮುಂದ ಅದೇನೂ ಉಪಯೋಗಕ್ಕ ಬರೂದಿಲ್ಲ. ಕ್ಲಚ್ ಆಗೂ ಜಾರಬೇಕು, ಈಗೂ ಜಾರಬೇಕು.

ಕಳಕೊಳ್ಳೂದು ಏನು? ಆರನೇ ಗೇರಿನ್ಯಾಗ 1,000 ಆರ್‌ಪಿಎಂಗೆ 29.5 ಕಿ.ಮೀ. ಇದ್ದದ್ದು 27.8ಕ್ಕ ಇಳೀತದ. 100ರಾಗ 3,390 ಇದ್ದ ಇಂಜಿನ್ 3,590 ಆಕ್ಕೈತಿ. ಇದು ದೊಡ್ಡ ಮಾತಲ್ಲ ಬಿಡ್ರಿ. ದೊಡ್ಡ ಮಾತು ಚೈನಿಂದು. ಸ್ಪ್ರಾಕೆಟ್ ಸಣ್ಣದಾದಷ್ಟೂ ಚೈನಿನ ಒಂದೊಂದು ಕೊಂಡಿ ಜಾಸ್ತಿ ಮಡಚಬೇಕು, ಅದೇ ಟಾರ್ಕಿಗೆ ಚೈನ್ ಮ್ಯಾಲಿನ ಎಳೆತಾನೂ ಶೇ 6 ಏರ್ತದ. ಸ್ವಿಂಗ್‌ಆರ್ಮ್ ಮುಂದಿನ ರಬ್ಬರ್ ಸ್ಲೈಡರ್ ಮ್ಯಾಲೆ ಒರಸಿ ಅದನ್ನೂ ಲಗೂನ ತಿನ್ನತದ. ಸವೆದ ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಒಂದs ಹಾಕಿಸಿದ್ರಂತೂ ಎರಡೂ ಹಾಳು. ಹಾಕೂದಿದ್ರ ಚೈನ್, ಮುಂದಿಂದು, ಹಿಂದಿಂದು ಮೂರೂ ಕೂಡೇ ಹಾಕ್ರಿ.

ಟ್ರಾಫಿಕ್‌ನ್ಯಾಗ ಸಲೀಸ ಬೇಕಂದ್ರ ರೈಡಿಂಗ್ ಮೋಡ್ ‘ಸಿ’ಗೆ ಇಡ್ರಿ, ಥ್ರಾಟಲ್ ಮೆತ್ತಗ ಆಕ್ಕೈತಿ. ಆಮ್ಯಾಲೆ ಚೈನ್ ಸಡಿಲ ನೋಡ್ರಿ. 20ರಿಂದ 30 ಮಿ.ಮೀ. ಇರಬೇಕು, ಸ್ವಿಂಗ್‌ಆರ್ಮ್ ಮ್ಯಾಲಿನ ಸ್ಟಿಕ್ಕರ್ ಏನ್ ಹೇಳ್ತದೋ ಅದs ಆಖೈರು. ಚೈನ್ ಎಲ್ಲಾ ಕಡೆ ಒಂದs ಸಮ ಸವೆಯೂದಿಲ್ಲ, ಅದಕ್ಕ ಚಕ್ರ ತಿರುಗಿಸಿ ನಾಕ್ ಕಡೆ ಅಳೀರಿ, ಎಲ್ಲಿ ಬಿಗಿ ಅದನೋ ಆ ಜಾಗದಾಗ ಅಡ್ಜಸ್ಟ್ ಮಾಡ್ರಿ. 45 ಮಿ.ಮೀ. ಸಡಿಲ ಬಿಟ್ರ ಪ್ರತಿ ಸಲ ಥ್ರಾಟಲ್ ಬಿಟ್ಟು ಹಿಡಿದಾಗ ಗಾಡಿ ಜಗ್ಗತದ. ಅದನ್ನ ಮಂದಿ ಇಂಜಿನ್ ಜರ್ಕ್ ಅಂತ ತಿಳ್ಕೊಂಡು ಸ್ಪ್ರಾಕೆಟ್ ಬದಲಿ ಮಾಡಾಕ ಹೊಂಡ್ತಾರ.

ಗೇರ್‌ಬಾಕ್ಸ್_6

ಎಲ್ಲರಿಗೂ ತುಂಬಾ ಧನ್ಯವಾದ. 0-100ರಲ್ಲಿ ಗರಿಷ್ಠ ಪವರ್‌ನ ಆರ್‌ಪಿಎಂ ಬರೋದೇ ಇಲ್ಲ ಅನ್ನೋದು ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದ್ರೆ ಒಳ್ಳೆ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಜೆನ್ 2 ಕೂಡ ಯೋಚಿಸಬಹುದು ಅನ್ಸುತ್ತೆ. ಅದರಲ್ಲಿ 24,000 ಕಿ.ಮೀ.ಗೆ ವಾಲ್ವ್ ಕ್ಲಿಯರೆನ್ಸ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಗ್ಯಾಪ್) ನೋಡಿಸ್ಬೇಕು ಅಂತಿದೆ. ‘ಸದ್ದು ಬರ್ತಾ ಇಲ್ಲ ಅಂದ್ರೆ ಬೇಡ’ ಅಂತಾರೆ ಮಾರೋರು. ಇನ್ನು ಜೆನ್ 3ರ ಗ್ರೌಂಡ್ ಕ್ಲಿಯರೆನ್ಸ್ 125 ಮಿ.ಮೀ. ನಮ್ಮ ಹಂಪ್‌ಗಳಿಗೆ ಸಾಕಾ? ಅಡ್ಡಡ್ಡ ದಾಟಿಸಿದ್ರೆ ತಾಗಲ್ಲ ಅಂತಾರಲ್ಲ?

ಬೋರ್_ಸ್ಟ್ರೋಕ್

ಹಂಪ್ ಲೆಕ್ಕ ಮೊದಲು ಹೇಳಿಬಿಡ್ತೀನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅದರ ಮೇಲೆ ಹೋಗುವಾಗ ಎರಡೂ ಚಕ್ರ ಹಂಪ್ ಮೇಲೇ ಇರುತ್ತೆ. 1,480 ಮಿ.ಮೀ. ವೀಲ್‌ಬೇಸ್ ನಡುವೆ ರಸ್ತೆ ಉಬ್ಬೋದು ಬರೀ 16 ಮಿ.ಮೀ. 125 ಇದ್ರೆ ಧಾರಾಳ ಆಯ್ತು.

ತೊಂದರೆ ಕೊಡೋದು ಬಡಾವಣೆ ಒಳಗಿನ ದಿಡೀರ್ ಹಂಪ್‌ಗಳು. 60 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, ಮೇಲೆ ಬಿಳಿ ಪಟ್ಟಿಯೂ ಇರಲ್ಲ. ಮುಂದಿನ ಚಕ್ರ ಇಳಿದಿರುತ್ತೆ, ಹಿಂದಿನದು ಇನ್ನೂ ಹತ್ತಿರಲ್ಲ, ಹಂಪ್ ಪೂರ್ತಿ ಹೊಟ್ಟೆ ಕೆಳಗೆ ಕೂತಿರುತ್ತೆ. 150 ಎಲ್ಲಿ, 125 ಎಲ್ಲಿ? ತಾಗೇ ತಾಗುತ್ತೆ. ಹಿಂದೆ ಒಬ್ಬರು ಕೂತರೆ ಸಸ್ಪೆನ್ಶನ್ ಇನ್ನಷ್ಟು ಕುಸಿದು 125 ಕೂಡ ಉಳಿಯಲ್ಲ.

ಅಡ್ಡ ದಾಟಿಸೋ ಉಪಾಯ ಕಾರಿಗೆ ಸರಿ, ಅಲ್ಲಿ ಒಂದೊಂದೇ ಚಕ್ರ ಹತ್ತುತ್ತೆ. ಬೈಕಿಗೆ ಇರೋದು ಎರಡೇ ಚಕ್ರ, ಅದೂ ಒಂದೇ ಗೆರೆಯಲ್ಲಿ. 45 ಡಿಗ್ರಿ ಓರೆಯಲ್ಲಿ ಹೋದ್ರೆ 60 ಸೆಂ.ಮೀ. ಹಂಪ್ ನಿಮ್ಮ ದಾರಿಯಲ್ಲಿ 85 ಸೆಂ.ಮೀ. ಆಗುತ್ತೆ, ವೀಲ್‌ಬೇಸ್ ಇನ್ನೂ 148. ಎರಡು ಚಕ್ರದ ನಡುವೆ ಹಂಪ್ ಹಾಗೇ ಕೂರುತ್ತೆ. ಅದು ಕೂರದೇ ಇರಬೇಕಾದ್ರೆ ಹಂಪ್‌ಗೆ 24 ಡಿಗ್ರಿಗಿಂತ ಕಮ್ಮಿ ಓರೆಯಲ್ಲಿ, ಹತ್ತತ್ತಿರ ಅದರ ಉದ್ದಕ್ಕೇ ಸಾಗಬೇಕು. 266 ಕೆ.ಜಿ. ಗಾಡಿಯನ್ನ ಮಳೆಯಲ್ಲಿ ಹಾಗೆ ಹತ್ತಿಸಿದ್ರೆ ಮುಂದಿನ ಟೈರ್ ಜಾರಿ ಬೀಳೋದು ಖಚಿತ. ನೇರವಾಗಿಯೇ ಹೋಗಿ. ಹಿಂದೆ ಕೂತವರನ್ನ ಇಳಿಸಿ, ಹಿಂದಿನ ಪ್ರೀಲೋಡ್ (ಸ್ಪ್ರಿಂಗ್ ಬಿಗಿ) ಹೆಚ್ಚು ಮಾಡಿ, ಚರಂಡಿ ಪಕ್ಕ ಹಂಪ್ ತಗ್ಗಾಗಿರೋ ಜಾಗ ಇದ್ರೆ ಅಲ್ಲಿ ದಾಟಿ. ಹಂಪ್ ಮೇಲೆ ಮುಂದಿನ ಬ್ರೇಕ್ ಹಿಡೀಬೇಡಿ. ಫೋರ್ಕ್ ಕುಸಿದು ಗಾಡಿಯ ಮೂತಿ ಕೆಳಗೆ ಬಂದ್ರೆ ಬೇಕಾದ ನಾಲ್ಕು ಸೆಂಟಿಮೀಟರ್ ಅಲ್ಲೇ ಹೋಗುತ್ತೆ.

ಶಿಮ್_175

ವಾಲ್ವ್ ವಿಷಯದಲ್ಲಿ ಮಾರುವವರ ಮಾತು ನಂಬಬೇಡಿ. ಸದ್ದು ಬರುವುದು ಗ್ಯಾಪ್ ಜಾಸ್ತಿ ಆದಾಗ. ಈ ಇಂಜಿನ್‌ನಲ್ಲಿ ಓಡಿದಷ್ಟೂ ವಾಲ್ವ್ ಮತ್ತು ಅದರ ಸೀಟ್ ತೇಯ್ದು ವಾಲ್ವ್ ಮೇಲಕ್ಕೆ ಸರಿಯುತ್ತದೆ, ಗ್ಯಾಪ್ ಕಡಿಮೆ ಆಗುತ್ತದೆ. ಅಂದರೆ ಕೆಡುತ್ತಾ ಹೋದ ಹಾಗೆ ಸದ್ದು ಇನ್ನೂ ಕಡಿಮೆಯೇ ಆಗುತ್ತದೆ. ಗ್ಯಾಪ್ ಪೂರ್ತಿ ಹೋದರೆ ಬಿಸಿ ಇಂಜಿನ್‌ನಲ್ಲಿ ವಾಲ್ವ್ ಸೀಟ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಹೆಚ್ಚಾಗಿ ಆ ಸೀಟ್ ಮೂಲಕವೇ. ಅದು ತಪ್ಪಿದರೆ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡುತ್ತದೆ, ಕಂಪ್ರೆಷನ್ ಸೋರುತ್ತದೆ. ಮೊದಲ ಸುಳಿವು ಸದ್ದಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿ ಸ್ಟಾರ್ಟ್ ಆಗುವ ಗಾಡಿ, ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವುದು, ಐಡಲಿಂಗ್ ಏರಿಳಿಯುವುದು.

ಜೆನ್ 2ಗೆ ಅಳತೆ ಇನ್‌ಟೇಕ್ 0.10-0.20 ಮಿ.ಮೀ., ಎಕ್ಸಾಸ್ಟ್ 0.20-0.30 ಮಿ.ಮೀ. ಇದು ತಣ್ಣಗಿನ ಇಂಜಿನ್‌ನ ಅಳತೆ. ರಾತ್ರಿಯಿಡೀ ನಿಂತ ಗಾಡಿಯನ್ನೇ ಬಿಚ್ಚಬೇಕು. ಬೆಳಿಗ್ಗೆ ವರ್ಕ್‌ಶಾಪ್‌ಗೆ ಓಡಿಸಿಕೊಂಡು ಹೋಗಿ ಹತ್ತು ಗಂಟೆಗೆ ಅಳೆಸಿದರೆ ಆ ಅಳತೆ ಲೆಕ್ಕಕ್ಕಿಲ್ಲ. ಟ್ಯಾಂಕ್, ಏರ್‌ಬಾಕ್ಸ್, ವಾಲ್ವ್ ಕವರ್ ತೆಗೆಯಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಕ್ರ್ಯಾಂಕ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ. ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ, ಹಿಂದಕ್ಕೆ ಬೇಡ. ಕ್ಯಾಮ್‌ನ ಉಬ್ಬು ಬಕೆಟ್‌ನಿಂದ (ವಾಲ್ವ್ ತಲೆ ಮೇಲಿನ ಬಟ್ಟಲು) ಆಚೆ ಮುಖ ಮಾಡಿದಾಗ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ತೂರಿಸಿ. ಗೇಜ್ ಸ್ವಲ್ಪ ಹಿಡಿದು ಹಿಡಿದು ಬರಬೇಕು, ಎಣ್ಣೆ ಹಚ್ಚಿದ ಕಾಗದ ಎರಡು ಬೆರಳಿನ ನಡುವಿನಿಂದ ಎಳೆದ ಹಾಗೆ. ಒಟ್ಟು 16 ವಾಲ್ವ್. ಒಂದು ಹಾಳೆಯಲ್ಲಿ 16 ಚೌಕ ಎಳೆದು, ಎಲ್ಲವನ್ನೂ ಬರೆದ ಮೇಲೆಯೇ ಕ್ಯಾಮ್ ಬಿಚ್ಚಲು ಕೈ ಹಾಕಿ.

ಒಂದು ಉದಾಹರಣೆ. ಇನ್‌ಟೇಕ್ ಒಂದರಲ್ಲಿ ಗ್ಯಾಪ್ 0.08 ಬಂತು. ಬಕೆಟ್ ಕೆಳಗಿನ ಶಿಮ್ (ಗ್ಯಾಪ್ ಸರಿ ಮಾಡುವ ಸಣ್ಣ ಬಿಲ್ಲೆ) ಮೇಲೆ 175 ಎಂದಿದೆ, ಅಂದರೆ 1.75 ಮಿ.ಮೀ. ದಪ್ಪ. ನಮಗೆ ಬೇಕಾದ್ದು ನಡುವಿನ 0.15. ಹೊಸ ಶಿಮ್ ಎಂದರೆ 1.75ಕ್ಕೆ 0.08 ಕೂಡಿ 0.15 ಕಳೆದದ್ದು, 1.68. ಶಿಮ್ ಸಿಗುವುದು 1.20ರಿಂದ 2.20ರವರೆಗೆ, 0.05ರ ಅಂತರದಲ್ಲಿ. 1.70 ಹಾಕಿದರೆ ಗ್ಯಾಪ್ 0.13, 1.65 ಹಾಕಿದರೆ 0.18. ಎರಡೂ ಮಿತಿಯೊಳಗೇ ಇವೆ. ಮುಂದೆ ಗ್ಯಾಪ್ ಕಡಿಮೆಯಾಗುತ್ತಲೇ ಹೋಗುವುದರಿಂದ 1.65 ಹಾಕುವುದು ಜಾಣತನ. ಹಳೇ ಶಿಮ್ ತೇಯ್ದಿರಬಹುದು, ಮೇಲಿನ ಅಂಕಿ ನಂಬದೆ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಹೊಸದು ತರಿಸುವ ಮೊದಲು 16ರಲ್ಲಿ ಒಂದರದ್ದು ಇನ್ನೊಂದಕ್ಕೆ ಹೊಂದುತ್ತದೆಯೇ ನೋಡಿ, ಬಹಳ ಸಲ ಅರ್ಧದಷ್ಟು ಅಲ್ಲೇ ಸರಿಹೋಗುತ್ತದೆ.

ಕೆಲಸ ಕೆಡುವುದು ಜೋಡಿಸುವಾಗ. ಕ್ಯಾಮ್ ತೆಗೆಯುವ ಮೊದಲು ಟೆನ್ಷನರ್ ಬಿಚ್ಚಿರಬೇಕು, ಚೈನ್ ಕೆಳಗೆ ಜಾರದ ಹಾಗೆ ತಂತಿಯಲ್ಲಿ ಕಟ್ಟಿರಬೇಕು. ಕ್ಯಾಮ್ ಹೋಲ್ಡರ್ ಬೋಲ್ಟ್‌ಗಳಿಗೆ ಸುಮಾರು 10 ಎನ್‌ಎಂ ಸಾಕು, ಅದನ್ನೂ ಎರಡು ಮೂರು ಸುತ್ತಿನಲ್ಲಿ ಸಮನಾಗಿ, ಟಾರ್ಕ್ ರೆಂಚ್‌ನಲ್ಲೇ. ಕೈ ಅಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ, ಹೆಡ್ ರಿಪೇರಿಯ ಖರ್ಚು ಶಿಮ್ ಖರ್ಚಿನ ಹತ್ತು ಪಟ್ಟು. ಎಲ್ಲಾ ಕೂಡಿಸಿದ ಮೇಲೆ ಸ್ಟಾರ್ಟರ್ ಒತ್ತಬೇಡಿ. ಕ್ರ್ಯಾಂಕ್ ಅನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ, ಮತ್ತೊಮ್ಮೆ 16 ಗ್ಯಾಪ್ ಅಳೆಯಿರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿದೆ ಎಂದರ್ಥ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ 24,000 ದಾಟಿದ ಗಾಡಿಗೆ ಈ ಕೆಲಸದ ಬಿಲ್ ಇಲ್ಲದಿದ್ದರೆ ಆಗಿಲ್ಲ ಎಂದೇ ಹಿಡಿದು ಅಷ್ಟು ದುಡ್ಡು ಬೆಲೆಯಲ್ಲಿ ಇಳಿಸಿ.

ಘಟ್ಟದ_ಕೆಳಗೆ

ಮೇಲಿನವರು ಇಂಜಿನ್ ಹೇಳಿದರು, ಟೈರ್ ಬಗ್ಗೆ ಎರಡು ಮಾತು. ಹಳೇ ಗಾಡಿಯಲ್ಲಿ ಹಿಂದಿನ ಟೈರ್ ಮೇಲೆ 190/50ZR17 (73W) ಎಂದು ಇದೆಯೇ ನೋಡಿ. 73 ಅಂದರೆ 365 ಕೆ.ಜಿ. ಭಾರ. W ಅಂದರೆ 270 ಕಿ.ಮೀ. ವೇಗ, ಅದು ಕಂಸದೊಳಗೆ ಇದ್ದರೆ 270ಕ್ಕಿಂತ ಮೇಲೂ ಸರಿ. ಮುಂದಿನದರ ಮೇಲೆ (58W). ದುಡ್ಡು ಉಳಿಸಲು ಕಡಿಮೆ ರೇಟಿಂಗ್‌ನ ಟೈರ್ ಹಾಕಿಸಿರುವ ಗಾಡಿಗಳು ಮಾರುಕಟ್ಟೆಯಲ್ಲಿವೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಳೆಯದಾದಷ್ಟೂ ಹಿಡಿತ ಹೋಗುತ್ತದೆ, ಪಟ್ಟಿ ಎಷ್ಟೇ ಉಳಿದಿರಲಿ.

190/55 ಹಾಕಿಸಿದ್ದರೆ ಅದರ ಸುತ್ತಳತೆ ಶೇ 3 ಹೆಚ್ಚು, ಹಿಂಭಾಗ ಒಂಬತ್ತೂವರೆ ಮಿ.ಮೀ. ಏರುತ್ತದೆ. ತಿರುವಿನಲ್ಲಿ ಚುರುಕಾಗುತ್ತದೆ ಎಂದು ಕೆಲವರು ಹಾಕಿಸುತ್ತಾರೆ. ಜೆನ್ 3ರಲ್ಲಿ ಬೇಡ. ಮುಂದಿನ ಮತ್ತು ಹಿಂದಿನ ಚಕ್ರದ ವೇಗ ಹೋಲಿಸಿಯೇ ಟ್ರ್ಯಾಕ್ಷನ್ ಕಂಟ್ರೋಲ್ ನಡೆಯುವುದು, ಆ ಲೆಕ್ಕ ಮೂಲ ಅಳತೆಗೆ ಕೂಡಿಸಿದ್ದು.

ಗಾಳಿ ಮುಂದೆ 42, ಹಿಂದೆ 42 ಪಿಎಸ್‌ಐ, ತಣ್ಣಗಿರುವಾಗ. ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು 2 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ 20 ಕಿ.ಮೀ. ಓಡಿಸಿ ಪೆಟ್ರೋಲ್ ಬಂಕ್‌ಗೆ ಹೋಗಿ ಅಲ್ಲಿ 46 ತೋರಿಸಿತೆಂದು 42ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ಟೈರ್‌ನಲ್ಲಿ ಇರುವುದು 38. ಮನೆಯಲ್ಲೇ ಒಂದು ಗೇಜ್ ಇಟ್ಟುಕೊಂಡು ಗಾಡಿ ತೆಗೆಯುವ ಮೊದಲು ನೋಡಿ.